ಬೇಲಿಯೇ ಎದ್ದು ಹೊಲ ಮೇಯ್ದಾಗ: ಗ್ಲಾಕೋಮಾ ಮತ್ತು ರೋಗನಿರೋಧಕ ವ್ಯವಸ್ಥೆ

ಎಲ್ಲರಿಗೂ ನಮಸ್ಕಾರ. ಗ್ಲಾಕೋಮಾ ಎಂದರೆ ದೃಷ್ಟಿ ನರ ಮೆಲ್ಲಗೆ ಹಾಳಾಗುತ್ತ ಹೋಗುವ ಕಾಯಿಲೆ, ಹಲವು ಸಲ ಕಣ್ಣಿನೊಳಗಿನ ಒತ್ತಡ ಏರಿ ಬರುವಂಥದ್ದು, ಆ ಒತ್ತಡ ಇಳಿಸಲು ಕಣ್ಣಿಗೆ ಹನಿ ಹಾಕುತ್ತಾರೆ ಎಂಬುದು ಈ ಸಭೆಗೆ ಗೊತ್ತು. ನೇರವಾಗಿ ಪ್ರಶ್ನೆಗೇ ಬರೋಣ.

ಕಣ್ಣಿನ ಒತ್ತಡ 14 ಇದೆ, ಅಂದರೆ ಸಾಮಾನ್ಯ ಮಟ್ಟದಲ್ಲೇ. ಹನಿ ಒಂದು ದಿನವೂ ತಪ್ಪಿಲ್ಲ. ಆದರೂ ನೋಟದ ಹರವನ್ನು ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿದರೆ ಕಪ್ಪು ಕಲೆ, ಅಂದರೆ ಕಾಣದ ಜಾಗ, ಹಿಗ್ಗಿದೆ. ಇಂಥ ಹೊತ್ತಿನಲ್ಲಿ ಮೊದಲು ಅನುಮಾನ ಬೀಳುವುದು ರೋಗಿಯ ಮೇಲೆ: ‘ಹನಿ ಸರಿಯಾಗಿ ಹಾಕ್ತಿಲ್ಲ ಅನ್ಸುತ್ತೆ.’ ಹಲವು ಸಲ ಅದು ನಿಜವೇ. ಆದರೆ ಎಲ್ಲ ಸಲವೂ ಅಲ್ಲ. ನಾರ್ಮಲ್ ಟೆನ್ಷನ್ ಗ್ಲಾಕೋಮಾ, ಅಂದರೆ ಒತ್ತಡ ಸಾಮಾನ್ಯ ಮಟ್ಟದಲ್ಲೇ ಇದ್ದೂ ಬರುವ ಗ್ಲಾಕೋಮಾ, ಅದರ ಬಗ್ಗೆ 1998ರಲ್ಲಿ ಪ್ರಕಟವಾದ ಅಧ್ಯಯನ ನೆನಪಿಸಿಕೊಳ್ಳಿ. ಒತ್ತಡವನ್ನು ಶೇ. 30ರಷ್ಟು ಇಳಿಸಿದ ಕಣ್ಣುಗಳಲ್ಲಿ ಶೇ. 12 ಹದಗೆಟ್ಟವು, ಚಿಕಿತ್ಸೆ ಕೊಡದವುಗಳಲ್ಲಿ ಶೇ. 35. ಒತ್ತಡ ಇಳಿಸುವುದು ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನನಗೆ ನಿದ್ದೆ ಕೆಡಿಸುವುದು ಆ 12. ಒತ್ತಡ ತಗ್ಗಿದ ಮೇಲೂ ದೃಷ್ಟಿ ನರವನ್ನು ತಿನ್ನುತ್ತಿರುವುದು ಯಾವುದು?

ನನ್ನ ವಾದ ಇಷ್ಟೆ: ಒತ್ತಡ ಕಡ್ಡಿ ಗೀರುತ್ತದೆ, ಆಮೇಲೆ ಬೆಂಕಿಯನ್ನು ಊದುವುದರಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಕೈಯೂ ಇದೆ.

ಇದಕ್ಕೆ ಸಾಕ್ಷಿಯಾಗಿ ಇಲಿಗಳ ಒಂದು ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2018ರಲ್ಲಿ ಬಾಸ್ಟನ್ನಿನ ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆ ಮತ್ತು ಎಂಐಟಿಯ ತಂಡ ಇದನ್ನು ಪ್ರಕಟಿಸಿತು. ಇಲಿಯ ಕಣ್ಣಿನ ಮುಂಭಾಗಕ್ಕೆ ಅತಿ ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಚುಚ್ಚಿದರು. ಮಣಿಗಳು ಕಣ್ಣಿನ ದ್ರವ ಹೊರಹೋಗುವ ದಾರಿಯಲ್ಲಿ ಸಿಕ್ಕಿಕೊಂಡು ಒತ್ತಡ ಏರಿತು, ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯಿತು. ಆದರೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳು (ಇವುಗಳ ಎಳೆಗಳೇ ಸೇರಿ ದೃಷ್ಟಿ ನರ ಆಗುವುದು) ಆಮೇಲೂ ಸಾಯುತ್ತಲೇ ಹೋದವು. ರೆಟಿನಾವನ್ನು ಪರೀಕ್ಷಿಸಿದರೆ ಅಲ್ಲಿ ಟಿ ಕೋಶಗಳು, ಅಂದರೆ ಶತ್ರುವನ್ನು ಗುರುತಿಸಿ ದಾಳಿ ಮಾಡುವ ಬಿಳಿ ರಕ್ತಕಣಗಳು! ರಕ್ತ ಮತ್ತು ರೆಟಿನಾದ ನಡುವಿನ ಗೋಡೆ ಗಟ್ಟಿಯಾಗಿರುವಾಗ ಒಳಗೆ ಸುಳಿಯದ ಕೋಶಗಳು ಅವು.

ಅವು ಹುಡುಕುತ್ತಿದ್ದದ್ದು ಹೀಟ್ ಶಾಕ್ ಪ್ರೋಟೀನುಗಳನ್ನು. ಜೀವಕೋಶ ಕಷ್ಟದಲ್ಲಿದ್ದಾಗ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸುವ ಪ್ರೋಟೀನುಗಳಿವು. ತೊಡಕು ಇರುವುದು ಇಲ್ಲೇ. ಬ್ಯಾಕ್ಟೀರಿಯಾಗಳಲ್ಲೂ ಹೆಚ್ಚುಕಡಿಮೆ ಇದೇ ಪ್ರೋಟೀನುಗಳಿವೆ. ಕರುಳಿನ ಬ್ಯಾಕ್ಟೀರಿಯಾಗಳನ್ನು ನೋಡಿ ಪಳಗಿದ ಟಿ ಕೋಶ, ಒತ್ತಡದಿಂದ ನರಳುತ್ತಿರುವ ನರಕೋಶದಲ್ಲೂ ಅದೇ ಗುರುತು ಕಂಡು ಅದನ್ನು ಶತ್ರು ಎಂದುಕೊಳ್ಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಹಾಗೆಂದು ಖಚಿತಪಡಿಸಿಕೊಂಡ ಬಗೆ ಇನ್ನೂ ಚಂದ. ಹುಟ್ಟಿನಿಂದ ಒಂದೂ ಸೂಕ್ಷ್ಮಾಣು ಸೋಕದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡ ಏರಿಸಿದರು. ಒತ್ತಡ ಏರಿತು, ನರ ಉಳಿಯಿತು. ಆಮೇಲೆ ರೋಗ ತಗುಲಿದ ಇಲಿಯ ಟಿ ಕೋಶಗಳನ್ನು, ಸ್ವಂತ ಟಿ ಕೋಶಗಳೇ ಇಲ್ಲದ ಇನ್ನೊಂದು ಇಲಿಗೆ ಕೊಟ್ಟರು. ಅದರಲ್ಲೂ ಗ್ಯಾಂಗ್ಲಿಯನ್ ಕೋಶಗಳು ಸತ್ತವು. ಗ್ಲಾಕೋಮಾ ಇರುವ ಮನುಷ್ಯರ ರಕ್ತದಲ್ಲೂ ಇದೇ ಪ್ರೋಟೀನುಗಳ ಮೇಲೆ ಎರಗುವ ಟಿ ಕೋಶಗಳು ಉಳಿದವರಿಗಿಂತ ಐದು ಪಟ್ಟಿಗೂ ಹೆಚ್ಚು ಕಂಡವು.

‘ಹಾಗಾದರೆ ಕರುಳು ತೊಳೆದುಬಿಡೋಣ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದಯವಿಟ್ಟು ಬೇಡ. ಸೂಕ್ಷ್ಮಾಣುವಿಲ್ಲದ ಇಲಿ ಬದುಕುವುದು ಮುಚ್ಚಿದ ಪೆಟ್ಟಿಗೆಯೊಳಗೆ, ಕ್ರಿಮಿಶುದ್ಧ ಮಾಡಿದ ಆಹಾರ ತಿಂದು. ನಮಗೆ ಅದು ಬದುಕಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಎಂದು ಮಾರುವ ಪ್ರೊಬಯಾಟಿಕ್ ಪುಡಿಯಿಂದ ಗ್ಲಾಕೋಮಾ ನಿಲ್ಲುತ್ತದೆ ಎನ್ನುವುದಕ್ಕೂ ಈ ಪ್ರಯೋಗ ಪುರಾವೆಯಲ್ಲ.

ಸಮಯದ ಚೀಟಿ ಬಂತು. ಮೈಕ್ರೋಗ್ಲಿಯಾ ಬಗ್ಗೆ ಹೇಳಬೇಕಿದ್ದದ್ದು ಬಹಳ, ಎರಡೇ ಮಾತು ಹೇಳುತ್ತೇನೆ. ರೆಟಿನಾದಲ್ಲೇ ನೆಲೆಸಿರುವ ಈ ಕಾವಲು ಕೋಶಗಳು ಕೆರಳಿದಾಗ ಟಿಎನ್‌ಎಫ್, ಐಎಲ್-1 ಆಲ್ಫಾ, ಸಿ1ಕ್ಯು ಎಂಬ ಮೂರು ಅಣುಗಳನ್ನು ಬಿಡುತ್ತವೆ. ನರಕೋಶಗಳಿಗೆ ಆಸರೆಯಾಗಿರುವ ಪಕ್ಕದ ಆಸ್ಟ್ರೋಸೈಟ್ ಕೋಶಗಳು ಅದರಿಂದ ನರಕೋಶಗಳಿಗೆ ವಿಷವಾಗುತ್ತವೆ ಎಂದು 2017ರಲ್ಲಿ ತೋರಿಸಿದ್ದಾರೆ. ಇದರಲ್ಲಿ ಸಿ1ಕ್ಯು ಹಳೆಯ ಪರಿಚಯ. ಗ್ಲಾಕೋಮಾ ಇಲಿಗಳ ರೆಟಿನಾದಲ್ಲಿ, ಕೋಶಗಳು ಸಾಯುವ ಮೊದಲೇ, ಅದು ನರಕೋಶಗಳ ಜೋಡಣೆಗಳ ಮೇಲೆ ಕೂತಿರುತ್ತದೆ ಎಂದು 2007ರಲ್ಲೇ ಗೊತ್ತಾಗಿತ್ತು.

ಕೊನೆಯದು, ಇದನ್ನು ಮಾತ್ರ ಬಿಡಲಾರೆ. ‘ತಪ್ಪು ರೋಗನಿರೋಧಕ ವ್ಯವಸ್ಥೆಯದಾದರೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಹಾಕಿ ಅದನ್ನು ಸುಮ್ಮನಾಗಿಸಬಾರದೇ?’ ಗ್ಲಾಕೋಮಾದಲ್ಲಿ ಇದು ಅಪಾಯದ ಯೋಚನೆ. ಸ್ಟೀರಾಯ್ಡ್ ಹನಿ, ಕಣ್ಣಿನ ದ್ರವ ಸೋಸಿ ಹೊರಹೋಗುವ ಟ್ರಾಬೆಕ್ಯುಲರ್ ಜಾಲರಿಯನ್ನೇ ಬಿಗಿಯಾಗಿಸಿ ದ್ರವ ಹೊರಹೋಗದಂತೆ ಮಾಡುತ್ತದೆ. ಜನರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಇದರಿಂದ ಒತ್ತಡ ಏರುತ್ತದೆ, ನೂರರಲ್ಲಿ ಸುಮಾರು ಐವರಿಗೆ ತೀರಾ ಜಾಸ್ತಿ. ಗ್ಲಾಕೋಮಾ ಇರುವವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಕಡ್ಡಿ ಗೀರುವ ಕೈಗೆ ಇನ್ನೊಂದು ಕಡ್ಡಿ ಕೊಟ್ಟಂತೆ! ಯೂವಿಯೈಟಿಸ್ ಎಂಬ ಕಣ್ಣಿನೊಳಗಿನ ಉರಿಯೂತಕ್ಕೋ ಶಸ್ತ್ರಚಿಕಿತ್ಸೆಯ ನಂತರವೋ ಸ್ಟೀರಾಯ್ಡ್ ಬೇಕೇ ಬೇಕಾಗುತ್ತದೆ, ಆಗ ವೈದ್ಯರು ಹೇಳಿದಷ್ಟು ದಿನ ಹಾಕಬೇಕು. ಆದರೆ ಶುರುಮಾಡುವ ಮೊದಲು ಒಮ್ಮೆ ಒತ್ತಡ ಅಳೆಯಿಸಿ, ಎರಡು ವಾರಕ್ಕೆ ಇನ್ನೊಮ್ಮೆ, ನಾಲ್ಕರಿಂದ ಆರು ವಾರದೊಳಗೆ ಮತ್ತೊಮ್ಮೆ. ಏರುವುದಿದ್ದರೆ ಸಾಮಾನ್ಯವಾಗಿ ಆ ಅವಧಿಯಲ್ಲೇ ಏರುತ್ತದೆ. ಹನಿ ನಿಲ್ಲಿಸಿದರೆ ಒತ್ತಡ ಬಹುತೇಕ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಸತ್ತ ನರದ ಎಳೆಗಳು ಮಾತ್ರ ಮರಳಿ ಬರುವುದಿಲ್ಲ.