ಶಾಲೆಯ ಲೋಕಸಭೆಯಲ್ಲಿ ಒಂದು ಉಪಪ್ರಶ್ನೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಎಷ್ಟೋ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಒಂದು ಲೋಕಸಭೆ ಸೇರುತ್ತದೆ. ಬೆಂಚುಗಳನ್ನು ಕುದುರೆಲಾಳದ ಆಕಾರದಲ್ಲಿ ಜೋಡಿಸಿ, ಎದುರಿಗೆ ಎತ್ತರದ ಕುರ್ಚಿಯೊಂದನ್ನು ಇಟ್ಟು, ಅದರ ಬಲಕ್ಕೆ ಆಡಳಿತ ಪಕ್ಷವನ್ನೂ ಎಡಕ್ಕೆ ವಿರೋಧ ಪಕ್ಷವನ್ನೂ ಕೂರಿಸುತ್ತಾರೆ. ಇದನ್ನು ರೂಢಿಯಲ್ಲಿ ಅಣಕು ಸಂಸತ್ತು ಎನ್ನುತ್ತೇವೆ. ಅಣಕಿಸುವುದು ಎಂದರೆ ಗೇಲಿ ಮಾಡುವುದು ಎಂಬ ಅರ್ಥವೂ ಇರುವುದರಿಂದ, ಆ ಮಾತಿಗಿಂತ ಯುವ ಸಂಸತ್ತು ಎಂಬ ಹೆಸರೇ ನನಗೆ ಸರಿಯೆನಿಸುತ್ತದೆ. ಅಲ್ಲಿ ಕೂತ ಮಕ್ಕಳು ಯಾರನ್ನೂ ಗೇಲಿ ಮಾಡುತ್ತಿರುವುದಿಲ್ಲ.

1962ರಲ್ಲಿ ಮುಂಬಯಿಯಲ್ಲಿ ಸೇರಿದ್ದ ಅಖಿಲ ಭಾರತ ಸಚೇತಕರ ಸಮ್ಮೇಳನವು ವಿದ್ಯಾಸಂಸ್ಥೆಗಳಲ್ಲಿ ಇಂಥ ಅಧಿವೇಶನಗಳನ್ನು ನಡೆಸಬೇಕೆಂದು ಶಿಫಾರಸು ಮಾಡಿತು. ಅದರಂತೆ ಕೇಂದ್ರದ ಸಂಸದೀಯ ವ್ಯವಹಾರಗಳ ಇಲಾಖೆ 1966ರಲ್ಲಿ ದೆಹಲಿಯ ಶಾಲೆಗಳಲ್ಲಿ ಸ್ಪರ್ಧೆಯನ್ನು ಆರಂಭಿಸಿತು. ಮುಂದೆ ಕೇಂದ್ರೀಯ ವಿದ್ಯಾಲಯಗಳು, ನವೋದಯ ವಿದ್ಯಾಲಯಗಳು, ವಿಶ್ವವಿದ್ಯಾಲಯಗಳು ಅದಕ್ಕೆ ಸೇರಿಕೊಂಡವು. ತಮ್ಮ ಪಕ್ಷದ ಸದಸ್ಯರು ಹೇಳಿದ ಕಡೆಗೇ ಮತ ಹಾಕುವಂತೆ ನೋಡಿಕೊಳ್ಳುವುದು ಸಚೇತಕರ ಕೆಲಸ. ಅಂಥವರ ಸಮ್ಮೇಳನದಿಂದಲೇ ಮಕ್ಕಳಿಗೆ ಸಂಸತ್ತನ್ನು ಕಲಿಸಬೇಕೆಂಬ ಮಾತು ಹೊರಟದ್ದು ನನಗೆ ಬಹಳ ಮಹತ್ವದ ಸಂಗತಿಯಾಗಿ ಕಾಣುತ್ತದೆ.

ಏಕೆಂದರೆ ಲೋಕಸಭೆಯ ಕಲಾಪದಲ್ಲಿ ವಿಪ್, ಅಂದರೆ ಸಚೇತಕರ ಮೂಲಕ ಬರುವ ಪಕ್ಷದ ಆದೇಶ, ಮುಟ್ಟಲಾಗದ ಒಂದು ಜಾಗವಿದೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿದ ಮೇಲೆ, ಪಕ್ಷದ ಆದೇಶವನ್ನು ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಪ್ರಶ್ನೆ ಕೇಳುವುದಕ್ಕೆ ಆ ಭಯವಿಲ್ಲ. ಬೆಳಗ್ಗೆ 11 ಗಂಟೆಗೆ ಆರಂಭವಾಗುವ ಪ್ರಶ್ನೋತ್ತರ ವೇಳೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಅಂದರೆ ಮಂತ್ರಿಗಳು ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸಬೇಕಾದವು, ಪಟ್ಟಿಯಲ್ಲಿರುತ್ತವೆ. ಅವುಗಳಿಗೆ ಸದಸ್ಯರು ಮುಂಚಿತವಾಗಿಯೇ ಸೂಚನೆ ಕೊಟ್ಟಿರುವುದರಿಂದ ಮಂತ್ರಿಗಳ ಕೈಯಲ್ಲಿ ಇಲಾಖೆ ಸಿದ್ಧಪಡಿಸಿದ ಉತ್ತರ ಇದ್ದೇ ಇರುತ್ತದೆ. ಆ ಉತ್ತರವನ್ನು ಕೇಳಿಸಿಕೊಂಡು, ಸ್ಪೀಕರ್ ಅವರ ಅನುಮತಿಯಿಂದ ಎದ್ದು ನಿಂತು ಕೇಳುವ ಉಪಪ್ರಶ್ನೆಗೆ ಮಾತ್ರ ಯಾವ ಮುನ್ಸೂಚನೆಯೂ ಇಲ್ಲ. ಮಂತ್ರಿ ತನ್ನ ಇಲಾಖೆಯನ್ನು ಎಷ್ಟು ಬಲ್ಲರು ಎಂಬುದು ಗೊತ್ತಾಗುವುದು ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ಯುವ ಸಂಸತ್ತಿಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಸದನದಲ್ಲಿ 50 ಮಂದಿ ಮಕ್ಕಳಿದ್ದರು. ನಿಜವಾದ ಲೋಕಸಭೆಯ ಕೋರಂ, ಅಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ, ಒಟ್ಟು ಸದಸ್ಯರ ಹತ್ತನೆಯ ಒಂದು ಭಾಗ, ಅಂದರೆ 55. ಆ ಶಾಲೆಯ ಇಡೀ ಸದನ ಸೇರಿದರೂ ಅಷ್ಟಾಗುತ್ತಿರಲಿಲ್ಲ. ಪ್ರಮಾಣ ವಚನ, ಸಂತಾಪ ಸೂಚನೆ ಎಲ್ಲವೂ ಅಚ್ಚುಕಟ್ಟಾಗಿ ನಡೆದವು. ಮಕ್ಕಳು ತಮ್ಮ ತಮ್ಮ ಮಾತನ್ನು ಬಾಯಿಪಾಠ ಮಾಡಿದ್ದರು; ಪಕ್ಕದವರ ಮಾತಿಗೂ ಅವರ ತುಟಿಗಳು ಅಲುಗುತ್ತಿದ್ದವು. ಕುಡಿಯುವ ನೀರಿನ ಮಂತ್ರಿಯಾಗಿದ್ದ ಹುಡುಗಿ, ಅಮ್ಮನದೋ ಅಕ್ಕನದೋ ಇರಬೇಕು, ರೇಷ್ಮೆ ಸೀರೆಯೊಂದನ್ನು ಉಟ್ಟು, ಎಲ್ಲ ಮನೆಗಳಿಗೂ ನಲ್ಲಿ ಹಾಕಿಸುವ ಯೋಜನೆಯ ವಿವರವನ್ನು ಒಂದೇ ಉಸಿರಿಗೆ ಒಪ್ಪಿಸಿ ಕೂತಳು.

ಆಗ ವಿರೋಧ ಪಕ್ಷದ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ಸರದಿ ಅದಾಗಿರಲಿಲ್ಲವೆಂಬುದು ಬಾಗಿಲ ಬಳಿ ನಿಂತಿದ್ದ ಮೇಷ್ಟ್ರ ಮುಖದಲ್ಲೇ ತಿಳಿಯುತ್ತಿತ್ತು. "ಮಾನ್ಯ ಸಭಾಧ್ಯಕ್ಷರೇ, ನಲ್ಲಿ ನಮ್ಮ ಬೀದಿಗೂ ಬಂದಿದೆ. ನೀರು ಎಷ್ಟು ದಿನಕ್ಕೊಂದು ಸಲ ಬಿಡುತ್ತಾರೆ ಅಂತ ಮಂತ್ರಿಗಳು ಹೇಳಬೇಕು," ಎಂದ. ಸದನ ಸ್ತಬ್ಧವಾಯಿತು. ಹುಡುಗಿ ಕೈಯಲ್ಲಿದ್ದ ಹಾಳೆಯನ್ನು ಒಮ್ಮೆ ತಿರುವಿ ನೋಡಿದಳು, ಹಿಂಬದಿ ಖಾಲಿ ಇತ್ತು. ಸ್ವಲ್ಪ ಹೊತ್ತು ನಿಂತು, ಸೆರಗು ಸರಿಮಾಡಿಕೊಂಡು, "ಮಾನ್ಯ ಸದಸ್ಯರು ಕೇಳಿರುವ ಮಾಹಿತಿ ಈಗ ನನ್ನ ಬಳಿ ಇಲ್ಲ. ತರಿಸಿಕೊಂಡು ಸದನಕ್ಕೆ ತಿಳಿಸುತ್ತೇನೆ," ಎಂದಳು. ಆ ದಿನದ ಕಲಾಪದಲ್ಲಿ ಯಾರೂ ಬರೆದುಕೊಟ್ಟಿರದ ಮಾತುಗಳು ಇವೆರಡೇ. ನನ್ನ ಮಟ್ಟಿಗೆ ಸಂಸತ್ತು ನಡೆದದ್ದೂ ಆ ಒಂದು ನಿಮಿಷದಲ್ಲಿ ಮಾತ್ರ.

ಆ ಹುಡುಗಿ ಹೇಳಿದ್ದು ತಪ್ಪಿಸಿಕೊಳ್ಳುವ ಮಾತಲ್ಲ ಎಂಬುದನ್ನು ಗಮನಿಸಬೇಕು. ಸಂಸದೀಯ ಪದ್ಧತಿಯಲ್ಲಿ ಅದಕ್ಕೆ ಆಶ್ವಾಸನೆ ಎಂದು ಹೆಸರು. ಮಂತ್ರಿಗಳು ಸದನದಲ್ಲಿ ಕೊಟ್ಟ ಆಶ್ವಾಸನೆಗಳನ್ನು ಕಲಾಪದ ವರದಿಗಳಿಂದ ಹೆಕ್ಕಿ ತೆಗೆದು, ಅವು ಈಡೇರಿದವೇ ಇಲ್ಲವೇ ಎಂದು ಪರಿಶೀಲಿಸುವುದಕ್ಕೆ ಲೋಕಸಭೆಯಲ್ಲಿ 1953ರಿಂದಲೂ ಒಂದು ಸಮಿತಿ ಇದೆ. ಕೊಟ್ಟ ಮಾತನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬುದು ನಿಯಮ. ಆಗದಿದ್ದರೆ ಕಾರಣ ಕೊಟ್ಟು ಕಾಲಾವಕಾಶ ಕೇಳಬೇಕು. ಪತ್ರಿಕೆಗಳ ಮುಖಪುಟಕ್ಕೆ ಅಪರೂಪಕ್ಕೂ ಬಾರದ ಈ ಸಮಿತಿಯನ್ನು ನಾನು ಲೋಕಸಭೆಯ ಜ್ಞಾಪಕಶಕ್ತಿ ಎಂದೇ ತಿಳಿದಿದ್ದೇನೆ.

ಶಾಲೆಯ ಲೋಕಸಭೆಗೆ ಈ ಜ್ಞಾಪಕ ಇಲ್ಲ. ಕಲಾಪ ಮುಗಿದ ಮೇಲೆ ಆ ಮೇಷ್ಟ್ರನ್ನು ಕೇಳಿದೆ: ಹುಡುಗನ ಪ್ರಶ್ನೆಗೆ ಉತ್ತರ ಯಾವಾಗ? ಮುಂದಿನ ಅಧಿವೇಶನ ಮುಂದಿನ ವರ್ಷ, ಅಷ್ಟರಲ್ಲಿ ಇವರಿಬ್ಬರೂ ಶಾಲೆ ಬಿಟ್ಟಿರುತ್ತಾರೆ ಎಂದರು. ಅವರನ್ನು ದೂರುವಂತಿಲ್ಲ. ಸುಮಾರು ಒಂದು ಗಂಟೆಯ ಸ್ಪರ್ಧೆ, ಅದಕ್ಕೆ ಅಂಕ, ಅಂಕಕ್ಕೆ ತಕ್ಕ ತಾಲೀಮು. ತಾಲೀಮು ಹೆಚ್ಚಾದಷ್ಟೂ ಉಪಪ್ರಶ್ನೆಗೆ ಜಾಗ ಕಡಿಮೆಯಾಗುತ್ತದೆ. ಆ ಹುಡುಗನಿಗೆ ನಾನು ಪೂರ್ಣ ಅಂಕ ಕೊಟ್ಟೆ. ಕ್ರಮ ತಪ್ಪಿದ್ದಕ್ಕಾಗಿ ಜೊತೆಯ ತೀರ್ಪುಗಾರರು ಕಳೆದರು. ಇಂದಿಗೂ ಅವರ ತೀರ್ಮಾನವನ್ನು ನಾನು ಒಪ್ಪಿಲ್ಲ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಹಾಗಿರುವಾಗ ನಮ್ಮ ಊರಿನ ಶಾಲೆಯ ಸದನದಲ್ಲಿ, ಅರ್ಥವಾಗದ ಇಂಗ್ಲಿಷ್ ವಾಕ್ಯಗಳನ್ನು ಮಕ್ಕಳಿಂದ ಹೇಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ಮನೆಯ ನಲ್ಲಿಯ ಪ್ರಶ್ನೆ ಮನೆಯ ಮಾತಿನಲ್ಲಿಯೇ ಬರುತ್ತದೆ.

ಶಾಲೆಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಅಧಿವೇಶನವನ್ನು ವರ್ಷಕ್ಕೆ ಎರಡು ಸಲ, ಮೂರು ತಿಂಗಳ ಅಂತರದಲ್ಲಿ, ಅದೇ ಮಕ್ಕಳೊಂದಿಗೆ ನಡೆಸಿ. ಮೊದಲ ಸಲ ಕೊಟ್ಟ ಆಶ್ವಾಸನೆಗಳನ್ನು ಇಬ್ಬರು ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ. ನೀರಿನ ಮಂತ್ರಿಯಾದ ಹುಡುಗಿ ಗ್ರಾಮ ಪಂಚಾಯಿತಿಗೆ ಹೋಗಿ ವಾಟರ್‌ಮನ್‌ನನ್ನು ಕೇಳಿಕೊಂಡು ಬರಲಿ. ಎರಡನೆಯ ಅಧಿವೇಶನದಲ್ಲಿ ಪ್ರಶ್ನೋತ್ತರಕ್ಕೂ ಮೊದಲು ಆ ಪುಸ್ತಕವನ್ನು ತೆರೆದು, ಕೊನೆಯ ಬೆಂಚಿನ ಹುಡುಗನ ಹೆಸರನ್ನು ಸಭಾಧ್ಯಕ್ಷರು ಕೂಗಲಿ.