ಹೆಸರಿರೋ ತುಂಡನ್ನ ಹರಿದು ವಾಪಸ್ ಕಳಿಸ್ತಾರೆ

ಎಲ್ಲರಿಗೂ ನಮಸ್ಕಾರ. ಬ್ಯಾಂಕಲ್ಲೋ ಆಸ್ಪತ್ರೇಲೋ ಫ್ಯಾಕ್ಟರೀಲೋ ಕೆಲಸ ಮಾಡೋರು ಸ್ವಲ್ಪ ಸೌಂಡ್ ಜಾಸ್ತಿ ಮಾಡ್ಕೊಳ್ಳಿ, ಇದು ನಿಮಗೇ ಹೇಳ್ತಿರೋದು. ಶಿಕ್ಷೆ ಕೊಡೋರ ಮುಂದೆ ಯಾರೂ ತಪ್ಪು ಒಪ್ಕೊಳ್ಳಲ್ಲ. ಇವತ್ತು ನಾನು ಹೇಳೋದು ಇಷ್ಟೇ.

1974, ಡಿಸೆಂಬರ್ 1, ಅಮೆರಿಕ. ಟಿಡಬ್ಲ್ಯೂಎ ಕಂಪನಿಯ 514ನೇ ನಂಬರ್ ವಿಮಾನ ವಾಷಿಂಗ್ಟನ್‌ಗೆ ಬರ್ತಿತ್ತು, ಅಲ್ಲಿ ಗಾಳಿ ಜೋರು ಅಂತ ಡಲ್ಲೆಸ್ ಏರ್‌ಪೋರ್ಟ್ ಕಡೆ ತಿರುಗಿಸಿದ್ರು. ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್, ಇಳಿಯೋಕೆ ಏರ್‌ಪೋರ್ಟ್ ಕಡೆ ಬರಬಹುದು ಅಂತ ಅನುಮತಿ ಕೊಟ್ರು, ಪೈಲಟ್ ಹಾಗಾದ್ರೆ 1,800 ಅಡಿಗೆ ಇಳೀಬಹುದು ಅನ್ಕೊಂಡ್ರು, ಕಂಟ್ರೋಲರ್ ಎತ್ತರ ಪೈಲಟ್ಟೇ ನೋಡ್ಕೋತಾರೆ ಅನ್ಕೊಂಡ್ರು, ಮೋಡದೊಳಗೆ ಮೌಂಟ್ ವೆದರ್ ಬೆಟ್ಟ ಇತ್ತು. 92 ಜನ ಇದ್ರು, ಒಬ್ರೂ ಉಳೀಲಿಲ್ಲ.

ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಇದಕ್ಕೆ, ಕೇಳಿ. ಆ ಅಪಘಾತಕ್ಕೆ ಆರು ವಾರ ಮುಂಚೆ ಯುನೈಟೆಡ್ ಕಂಪನಿಯ ವಿಮಾನ ಒಂದು ಅದೇ ಜಾಗದಲ್ಲಿ, ಅದೇ ತಪ್ಪು ಮಾಡಿ, ಕೂದಲೆಳೆಯಲ್ಲಿ ಪಾರಾಗಿತ್ತು! ಆ ಪೈಲಟ್‌ಗಳು ಕಂಪನಿಗೆ ಹೇಳಿದ್ರು, ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಕೊಡ್ತು, ಆದ್ರೆ ಪಕ್ಕದ ಕಂಪನಿಗೆ ಮುಟ್ಟಿಸೋಕೆ ದಾರೀನೇ ಇರ್ಲಿಲ್ಲ.

ಆಮೇಲೆ 1975ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ, ತಪ್ಪಾದ್ರೆ ನಮಗೆ ತಿಳಿಸಿ ಏನೂ ಮಾಡಲ್ಲ ಅಂತು. ಪೈಲಟ್‌ಗಳು ನಂಬ್ತಾರಾ? ಲೈಸೆನ್ಸ್ ಕಿತ್ಕೊಳ್ಳೋರೂ ಅವರೇ ಅಲ್ವಾ. ಹಾಗಾಗಿ 1976ರಲ್ಲಿ ವರದಿ ತಗೊಳ್ಳೋ ಕೆಲಸಾನ ನಾಸಾಗೆ ಒಪ್ಪಿಸಿದ್ರು. ನಾಸಾಗೆ ದಂಡ ಹಾಕೋ ಅಧಿಕಾರಾನೇ ಇಲ್ಲ. ಫಾರಂ ಮೇಲೆ ಹೆಸರು ಬರೆದಿರೋ ತುಂಡನ್ನ ಹರಿದು, ಸೀಲು ಹಾಕಿ, ಬರೆದೋರಿಗೇ ವಾಪಸ್ ಕಳಿಸ್ತಾರೆ. ಬೇಕಂತ ಮಾಡಿದ ತಪ್ಪಲ್ದಿದ್ರೆ, 10 ದಿನದೊಳಗೆ ಬರೆದಿದ್ರೆ, ಆ ತುಂಡು ತೋರಿಸಿದ್ರೆ ಎಫ್‌ಎಎ ಸಾಮಾನ್ಯವಾಗಿ ದಂಡ ಮಾಫಿ ಮಾಡುತ್ತೆ. ಬರೆದೋರಿಗೆ ಲಾಭ ಇದೆ, ಅದಕ್ಕೇ ಬರೀತಾರೆ, ಇವತ್ತಿಗೆ ಲಕ್ಷಗಟ್ಟಲೆ ವರದಿ ಬಂದಿದೆ, ಯಾವ ಕಂಪನಿ ಬೇಕಾದ್ರೂ ಓದ್ಬಹುದು.

ಟೈಮ್ ಆಗ್ತಿದೆ ಅಂತ ಸನ್ನೆ ಮಾಡ್ತಿದಾರೆ, ಬ್ಯಾಂಕಿನ ವಿಷಯ ಬೇಗ ಹೇಳ್ಬಿಡ್ತೀನಿ. ಕಂಪ್ಯೂಟರಿಗೆ ಕನ್ನ ಬಿದ್ರೆ 6 ಗಂಟೆಯೊಳಗೆ ಸೈಬರ್ ಭದ್ರತೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು ಅಂತ ನಮ್ಮಲ್ಲಿ 2022ರಲ್ಲಿ ಆದೇಶ ಬಂತು, ತಿಳಿಸದಿದ್ರೆ ಶಿಕ್ಷೆ. ಬೇಕಾಗಿದ್ದೇ ಅದು, ಆದ್ರೆ ಹೆದರಿಕೆಗೆ ಬರೆಯೋರು ಎಷ್ಟು ಬೇಕೋ ಅಷ್ಟೇ ಬರೀತಾರೆ, ಶಿಕ್ಷೆ ಕೊಡೋರ ಮುಂದೆ ಯಾರೂ ಪೂರ್ತಿ ಬಾಯಿ ಬಿಡಲ್ಲ. ಆಸ್ಪತ್ರೇಲೂ ಅಷ್ಟೇ, ತಪ್ಪು ಇಂಜೆಕ್ಷನ್ ಕೊಟ್ಟ ನರ್ಸಮ್ಮ ಯಾರಿಗೆ ಹೇಳ್ಬೇಕು?

ನಾಳೆ ಆಫೀಸಿಗೆ ಹೋದಾಗ ನೋಡಿ, ನಿಮ್ಮಲ್ಲಿ ತಪ್ಪಿನ ವರದಿ ಹೋಗೋದು ಯಾರ ಟೇಬಲ್‌ಗೆ, ಇನ್‌ಕ್ರಿಮೆಂಟಿಗೆ ಸೈನ್ ಹಾಕೋರ ಟೇಬಲ್‌ಗೇನಾ ಅಂತ. ನಮಸ್ಕಾರ.