ಬಲಗೆನ್ನೆಯ ಸರ್ಕಸ್

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಕ್ಕಮಗಳೂರಿನವಳು. ಬಸವನಹಳ್ಳಿ ಕಡೆ ಮನೆ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಇವತ್ತು ಬೆಳಿಗ್ಗೆ ಬೇಲೂರಿನ ಮೇಲೆ ಹಾಸನಕ್ಕೆ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ‘ಅಲ್ಲಿ ಕೂತ್ಕೊಳ್ಳಿ ಅಮ್ಮಾ, ಒಳ್ಳೆ ಗಾಳಿ ಬರುತ್ತೆ’ ಅಂದರು ಕಂಡಕ್ಟರ್. ಗಾಳಿ ಬರುತ್ತೆ ಅಂತಲೇ ನಾನು ಅಲ್ಲಿ ಕೂರಲಿಲ್ಲ. ತಲೆ, ಕೆನ್ನೆ ಎಲ್ಲ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು ಒಂದು ಮೂಲೆಯಲ್ಲಿ ಮುದುರಿ ಕೂತೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಜನ ತಿರುಗಿ ತಿರುಗಿ ನೋಡಿದರು. ನೋಡಲಿ ಬಿಡಿ.

ನನ್ನ ಕಾಯಿಲೆಗೆ ಗಾಳಿ ಆಗುವುದಿಲ್ಲ. ತಣ್ಣೀರು ಆಗುವುದಿಲ್ಲ. ಹಲ್ಲುಜ್ಜುವುದು, ಅಗಿಯುವುದು, ಮುಖ ಒರೆಸಿಕೊಳ್ಳುವುದು, ಯಾವುದೂ ಆಗುವುದಿಲ್ಲ. ಜಾಸ್ತಿ ಮಾತಾಡುವುದಂತೂ ಆಗುವುದೇ ಇಲ್ಲ. ಅಂಥವಳನ್ನು ರೇಡಿಯೋದವರು ಕಾಲು ಗಂಟೆ ಮಾತಾಡಿ ಅಂತ ಕರೆದಿದ್ದಾರೆ! ಈಗ ಮಾತ್ರೆ ನೋವನ್ನು ಹಿಡಿತದಲ್ಲಿಟ್ಟಿದೆ. ಆ ಧೈರ್ಯದ ಮೇಲೆ ಬಂದಿದ್ದೇನೆ. ಮಧ್ಯೆ ಎಲ್ಲಾದರೂ ನಾನು ಸುಮ್ಮನಾದರೆ ರೇಡಿಯೋ ಕೆಟ್ಟಿತು ಅಂತ ತಲೆ ಮೇಲೆ ತಟ್ಟಬೇಡಿ.

ಮೂರು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳು. ಮದುವೆ ಮನೆಯವರ ಬ್ಲೌಸುಗಳು ರಾಶಿ ಬಿದ್ದಿದ್ದವು. ಹುಕ್ಸ್ ಹಚ್ಚಿ ದಾರವನ್ನು ಹಲ್ಲಿನಲ್ಲಿ ಕಡಿದೆ. ಕತ್ತರಿ ಪಕ್ಕದಲ್ಲೇ ಇತ್ತು, ಆದರೂ ಟೈಲರುಗಳಿಗೆ ದಾರ ಕಡಿಯುವುದಕ್ಕೆ ಹಲ್ಲೇ ಬೇಕು. ಕಡಿದ ಕೂಡಲೇ ಬಲಗೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗಾಯಿತು. ಮಿಷನ್ನಿನ ಮೋಟಾರಿನಿಂದಲೇ ಶಾಕ್ ಹೊಡೆಯಿತು ಅಂದುಕೊಂಡು ಮೊದಲು ಪ್ಲಗ್ ಕಿತ್ತೆ. ಆಮೇಲೆ ಊಟಕ್ಕೆ ಕೂತಾಗ ಇನ್ನೊಂದು ಸಲ. ರಾತ್ರಿ ಮುಖ ತೊಳೆಯುವಾಗ ಮತ್ತೊಂದು ಸಲ. ಕೆಲವೇ ಸೆಕೆಂಡು ಇರುತ್ತಿತ್ತು. ಆ ಸೆಕೆಂಡುಗಳಲ್ಲಿ ಹೆಸರು ಕೇಳಿದರೂ ಹೇಳಲಾರೆ.

ಎಲ್ಲರೂ ಹಲ್ಲುನೋವು ಅಂದರು. ಅತ್ತೆ ಲವಂಗದೆಣ್ಣೆ ಹಚ್ಚಿದರು, ಉಪ್ಪಿನ ಶಾಖ ಕೊಟ್ಟರು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಮನೆಮಂದಿಯನ್ನೆಲ್ಲ ಕೆಮ್ಮಿಸಿದರು. ಹಲ್ಲಿನ ಡಾಕ್ಟರ್ ಒಂದು ದವಡೆ ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಪಕ್ಕದ ಹಲ್ಲನ್ನೂ ಕಿತ್ತರು. ಈ ಕಾಯಿಲೆಯವರಲ್ಲಿ ಹೀಗೆ ಗಟ್ಟಿ ಹಲ್ಲು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. ನೀವು ಯಾರಾದರೂ ಕೇಳುತ್ತಿದ್ದರೆ ಒಂದು ಮಾತು. ಹಲ್ಲಿನ ನೋವು ಒಳಗೊಳಗೇ ಮಿಡಿಯುತ್ತಾ ಇರುತ್ತದೆ. ಇದು ಹಾಗಲ್ಲ. ಸೋಕಿದರೆ ಹೊಡೆಯುತ್ತದೆ, ಹೊಡೆದು ಬಿಟ್ಟುಬಿಡುತ್ತದೆ. ಹೊಡೆಯುವುದೂ ಮುಖದ ಒಂದೇ ಕಡೆಗೆ. ಹಾಗಿದ್ದರೆ ಹಲ್ಲು ಕೀಳಿಸುವ ಮೊದಲು ನರದ ಡಾಕ್ಟರನ್ನು ಒಮ್ಮೆ ನೋಡಿ.

ನರದ ಡಾಕ್ಟರು ಹೆಚ್ಚು ಹೊತ್ತು ತಗೊಳ್ಳಲಿಲ್ಲ. ಯಾವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ಏನು ಮಾಡಿದರೆ ಬರುತ್ತೆ ಅಂತ ಕೇಳಿದರು. ಬೇರೆ ಏನಾದರೂ ಇದೆಯಾ ನೋಡೋಣ ಅಂತ ಎಂಆರ್‌ಐ ಮಾಡಿಸಿದರು. ಆಮೇಲೆ ಹೆಸರು ಹೇಳಿದರು. ಟ್ರೈಜೆಮಿನಲ್ ನ್ಯೂರಾಲ್ಜಿಯಾ. ನಮ್ಮ ಚಿಕ್ಕವನು ಮನೆಗೆ ಬರುವಷ್ಟರಲ್ಲಿ ಅದನ್ನು ಜೆಮಿನಿ ಸರ್ಕಸ್ ಮಾಡಿದ್ದ. ಈಗಲೂ ನಮ್ಮ ಮನೆಯಲ್ಲಿ ಅದೇ ಹೆಸರು. ‘ಅಮ್ಮಂಗೆ ಸರ್ಕಸ್ ಬಂದಿದೆ, ಟೀವಿ ಸೌಂಡ್ ಕಮ್ಮಿ ಮಾಡು.’

ಮುಖದ ಒಂದೊಂದು ಕಡೆಗೂ ಮಿದುಳಿನಿಂದ ಒಂದೊಂದು ನರ ಬರುತ್ತದೆ. ಮುಂದೆ ಅದು ಮೂರು ಕವಲಾಗಿ ಹಣೆಗೊಂದು, ಕೆನ್ನೆಗೊಂದು, ದವಡೆಗೊಂದು ಹೋಗುತ್ತದೆ. ಬಹಳ ಜನರಲ್ಲಿ ಮಿದುಳಿನ ಬುಡದಲ್ಲಿ ಒಂದು ರಕ್ತನಾಳ ಈ ನರಕ್ಕೆ ಒತ್ತಿಕೊಂಡು ನರದ ಹೊದಿಕೆ ಸವೆದಿರುತ್ತದೆ. ವೈರಿನ ಪ್ಲಾಸ್ಟಿಕ್ ಸವೆದರೆ ಶಾರ್ಟ್ ಆಗುತ್ತಲ್ಲ, ಅದೇ ಕಥೆ. ಸಾಮಾನ್ಯವಾಗಿ 50 ದಾಟಿದವರಿಗೆ, ಅದರಲ್ಲೂ ಹೆಂಗಸರಿಗೆ ಜಾಸ್ತಿಯಂತೆ. ನನಗೆ 43ಕ್ಕೇ ಬಂತು.

ಕೊಟ್ಟ ಮಾತ್ರೆ ಕಾರ್ಬಮಜೆಪಿನ್. ಅದು ಫಿಟ್ಸ್‌ಗೂ ಕೊಡುವ ಮಾತ್ರೆ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, ಅಂಗಡಿ ತುಂಬ ಜನ ಇರುವಾಗ, ‘ಅಕ್ಕಾ, ಮನೇಲಿ ಯಾರಿಗೆ ಫಿಟ್ಸು?’ ಅಂದ. ಎರಡೇ ದಿನದಲ್ಲಿ ಬೀದಿಯಲ್ಲೆಲ್ಲ ಸುದ್ದಿ. ಮದುವೆಗೆ ಬರುವ ಮಗಳಿರುವ ಮನೆ ಬೇರೆ! ಅವಳಿಗೆ ಆಗ 14. ನನಗಿಂತ ಅತ್ತೆಗೇ ಅದರ ಚಿಂತೆ ಹತ್ತಿತು.

ಮಾತ್ರೆ ಕೆಲಸ ಮಾಡಿತು. ಆದರೆ ಮೊದಮೊದಲು ತೂಕಡಿಕೆ, ತಲೆ ತಿರುಗು. ಒಬ್ಬರ ಅಳತೆಗೆ ಇನ್ನೊಬ್ಬರ ಬ್ಲೌಸ್ ಕತ್ತರಿಸಿಬಿಟ್ಟೆ. ಈ ಮಾತ್ರೆ ತಗೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮೈಮೇಲೆ ಗಂದೆ ಎದ್ದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ನೋವಿಲ್ಲ ಅಂತ ನಮ್ಮಷ್ಟಕ್ಕೆ ನಾವೇ ನಿಲ್ಲಿಸಬಾರದು. ಇದಿಷ್ಟು ಮಾತ್ರೆಯ ವಿಚಾರ.

ಊಟದ ವಿಚಾರ ಕೇಳಿದರೆ, ನನ್ನನ್ನು ಕಾಪಾಡಿದ್ದು ರಾಗಿ ಮುದ್ದೆ. ಮುದ್ದೆಯನ್ನು ನುಂಗುತ್ತೇವೆ, ಅಗಿಯುವುದಿಲ್ಲ ಅಲ್ವಾ? ಅಕ್ಕಿರೊಟ್ಟಿ ದೂರವಾಯಿತು. ಕೋಡುಬಳೆಯನ್ನು ಕಣ್ಣಲ್ಲೇ ತಿಂದೆ. ಕಾಫಿ ಮಾತ್ರ ಹೇಳಿಕೊಳ್ಳುವುದಕ್ಕೇ ನಾಚಿಕೆ. ಚಿಕ್ಕಮಗಳೂರಿನಲ್ಲಿ ಹುಟ್ಟಿ ಬೆಳೆದವಳು ಆರಿ ತಣ್ಣಗಾದ ಕಾಫಿಯನ್ನು ಸ್ಟ್ರಾ ಹಾಕಿಕೊಂಡು ಹೀರುತ್ತೇನೆ. ನಮ್ಮನೆಯವರು ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ನಾನು ಹಾಗೆ ಕುಡಿಯುವಾಗ ಅವರು ಗೋಡೆ ನೋಡುತ್ತಾರೆ.

ಹಣ್ಣು ಕುಯ್ಲಿನ ಕಾಲದಲ್ಲಿ ಅವರು ಮನೆಗೆ ಬರುವುದು ವಾರಕ್ಕೊಮ್ಮೆ. ಹಾಗಾಗಿ ನನ್ನ ಸರ್ಕಸ್ಸನ್ನೆಲ್ಲ ನೋಡಿದವರು ಮಕ್ಕಳು. ನಾನು ಹೇಳಬೇಕು ಅಂತ ಬಂದದ್ದೂ ಅವರ ವಿಚಾರವನ್ನೇ.

ನಮ್ಮದು ಜಗಳದ ಮನೆ. ಹಾಸಿಗೆ ಮೇಲೆ ಒದ್ದೆ ಟವೆಲು, ಬಚ್ಚಲಲ್ಲಿ ಮುಕ್ಕಾಲು ಗಂಟೆ, ‘ನನ್ನ ಚಾರ್ಜರ್ ಯಾಕೆ ಮುಟ್ಟಿದೆ’, ‘ನೀನು ಅವನಿಗೆ ಮಾತ್ರ ಏನೂ ಅನ್ನಲ್ಲ’. ಎರಡನೇ ವರ್ಷದ ಹೊತ್ತಿಗೆ ಅದೆಲ್ಲ ನಿಂತುಹೋಯಿತು. ಮಗಳು ಫಸ್ಟ್ ಪಿಯುಸಿಯಲ್ಲಿದ್ದಳು. ನಾನು ಹೇಳುವ ಮೊದಲೇ ಪಾತ್ರೆ ತೊಳೆದಿಡುವಳು. ಚಿಕ್ಕವನು ಮುದ್ದೆ ತೊಳಸುವುದನ್ನು ಕಲಿತ. ಗಂಟು ಗಂಟಾಗುತ್ತಿತ್ತು, ಅದು ಬೇರೆ ಮಾತು. ಬೈದರೂ ತಿರುಗಿ ಮಾತಾಡುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿತ್ತು. ನೋವು ಕೊಟ್ಟ ದೇವರು ಮಕ್ಕಳಿಗೆ ಬುದ್ಧಿಯನ್ನೂ ಕೊಟ್ಟ ಅಂತ ಗಿರಾಕಿಗಳ ಹತ್ತಿರ ಹೇಳಿಕೊಂಡು ಬೀಗಿದ್ದೆ.

ಹೋದ ವರ್ಷ ಜುಲೈಯಲ್ಲಿ ಒಂದು ದಿನ ನನ್ನ ಅಳತೆ ಪುಸ್ತಕದ ಕೊನೇ ಪುಟ ತೆರೆಯಿತು. ಪೆನ್ಸಿಲಿನಲ್ಲಿ ಸಾಲಾಗಿ ಬರೆದಿತ್ತು. 38, 36, 34, 32. ಪಕ್ಕದಲ್ಲಿ ತಾರೀಖು. ಎದೆ ಸುತ್ತಳತೆ ಅಂದುಕೊಂಡೆ. ಇದ್ಯಾವ ಗಿರಾಕಿ ದಿನಕ್ಕೆ ಎರಡಿಂಚು ಸಣ್ಣಗಾಗುತ್ತಿದ್ದಾಳೆ! ಕೈಬರಹ ನೋಡಿದರೆ ಮಗಳದು. ಆಗಲೂ ಹೊಳೆಯಲಿಲ್ಲ. ಅವತ್ತು ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು. ಅಡುಗೆಮನೆಯಲ್ಲಿ ಬೆಳಕು ಕಂಡಿತು. ಮಗಳು ಫೋನಿನ ಟಾರ್ಚ್ ಹಿಡಿದುಕೊಂಡು ಬಿಸ್ಕತ್ತು ಡಬ್ಬದಲ್ಲಿದ್ದ ನನ್ನ ಮಾತ್ರೆ ಎಣಿಸುತ್ತಿದ್ದಳು. ನಾನು ದಿನಕ್ಕೆ ಎರಡು ಮಾತ್ರೆ ತಗೊಳ್ಳುತ್ತಿದ್ದೆ.

ಅವತ್ತು ನನಗೆ ನೋವು ಜೋರಿತ್ತು. ಬಾಯಿ ಬಿಡುವ ಹಾಗಿರಲಿಲ್ಲ. ಏನಿದು ಅಂತ ಕೈಸನ್ನೆ ಮಾಡಿದೆ. ಅವಳು ಅಳುವುದಕ್ಕೆ ಶುರು ಮಾಡಿದಳು. ಆಮೇಲೆ ಫೋನ್ ತೋರಿಸಿದಳು. ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ಒಂದು ಅಡ್ಡಹೆಸರಿದೆ. ಸೂಸೈಡ್ ಡಿಸೀಸ್. ಅದನ್ನು ಓದಿದ ದಿನದಿಂದ ಹುಡುಗಿ ಮಾತ್ರೆ ಎಣಿಸುತ್ತಿದ್ದಾಳೆ. ತಮ್ಮನಿಗೂ ಹೇಳಿ, ‘ಅಮ್ಮನ ಜೊತೆ ಜಗಳ ಆಡಬೇಡ’ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ನಾನು ಬುದ್ಧಿ ಬಂತು ಅಂದುಕೊಂಡದ್ದು ಬುದ್ಧಿಯಲ್ಲ, ಹೆದರಿಕೆ.

ಕೈಗೆ ಸಿಕ್ಕಿದ್ದು ಕಪ್ಪು ಲೈನಿಂಗ್ ಬಟ್ಟೆ ಮತ್ತು ಮಾರ್ಕಿಂಗ್ ಚಾಕ್‌ಪೀಸು. ನೆಲದ ಮೇಲೆ ಬಟ್ಟೆ ಹಾಸಿ ಬರೆದೆ. ‘ನಾನು ಹಾಗೆ ಮಾಡಲ್ಲ.’ ಅವಳು ನಂಬಲಿಲ್ಲ. ನೋವು ಹೊಡೆದಾಗ ‘ಸಾಕಪ್ಪಾ ದೇವರೇ’ ಅಂತ ನಾನು ಅಂದದ್ದನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಅಳಿಸಿ ಮತ್ತೆ ಬರೆದೆ. ‘ನಿಮ್ಮಿಬ್ಬರ ಮೇಲೆ ಕೂಗಾಡೋದು ಇನ್ನೂ ಬಾಕಿ ಇದೆ.’ ಅದಕ್ಕೆ ಅಳುತ್ತಲೇ ನಕ್ಕಳು. ಆ ಲೈನಿಂಗ್ ಆಮೇಲೆ ಯಾರದೋ ಬ್ಲೌಸಿನ ಒಳಗೆ ಹೋಯಿತು.

ತಪ್ಪು ನಮ್ಮದೇ. ಮಕ್ಕಳಿಗೆ ಹೇಳಿ ಯಾಕೆ ಹೆದರಿಸುವುದು ಅಂತ ನಾವು ಗಂಡ ಹೆಂಡತಿ ಎಲ್ಲ ಮುಚ್ಚಿಟ್ಟಿದ್ದೆವು. ನಾವು ಹೇಳದ್ದನ್ನು ಫೋನು ಹೇಳಿತು, ಅದೂ ಮಧ್ಯರಾತ್ರಿಯಲ್ಲಿ, ಅವಳೊಬ್ಬಳೇ ಇರುವಾಗ. ಕೇಳುತ್ತಿರುವವರಲ್ಲಿ ಯಾರಿಗಾದರೂ ನೋವಿನಿಂದ ಬದುಕೇ ಬೇಡ ಅನ್ನಿಸುತ್ತಿದ್ದರೆ ದಯವಿಟ್ಟು ಒಬ್ಬರ ಹತ್ತಿರ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸಲ ಡಾಕ್ಟರ ಹತ್ತಿರ ಇಬ್ಬರನ್ನೂ ಕರೆದುಕೊಂಡು ಹೋದೆ. ಚಿಕ್ಕವನು ಕೂತ ಕೂಡಲೇ, ‘ಅಮ್ಮ ಸತ್ತೋಗ್ತಾಳಾ?’ ಅಂತ ಕೇಳಿಯೇಬಿಟ್ಟ. ನೋವು ಭಯಂಕರ, ಆದರೆ ಇದು ಜೀವ ತೆಗೆಯುವ ಕಾಯಿಲೆ ಅಲ್ಲ ಅಂದರು ಡಾಕ್ಟರು. ಮಾತ್ರೆ ಸಾಲದಾದರೆ ಆಪರೇಷನ್ ಇದೆ. ಕಿವಿಯ ಹಿಂದೆ ಸಣ್ಣದಾಗಿ ತೆರೆದು, ಒತ್ತುತ್ತಿರುವ ರಕ್ತನಾಳಕ್ಕೂ ನರಕ್ಕೂ ನಡುವೆ ಟೆಫ್ಲಾನ್ ತುಂಡು ಇಡುತ್ತಾರಂತೆ. ‘ದೋಸೆ ಕಾವಲಿಯದಾ?’ ಅಂದ ಇವನು. ಹೌದು, ಅದೇ ಟೆಫ್ಲಾನ್. ನನಗೆ ಚೆನ್ನಾಗಿ ಅರ್ಥವಾಯಿತು. ಲೈನಿಂಗ್ ಕೊಡುತ್ತಾರೆ, ಅಷ್ಟೇ! ನಟ ಸಲ್ಮಾನ್ ಖಾನ್ ಅವರಿಗೂ ಇದೇ ಕಾಯಿಲೆ ಇತ್ತು, 2011ರಲ್ಲಿ ಅಮೆರಿಕದಲ್ಲಿ ಆಪರೇಷನ್ ಆಯಿತು. ಅವರೇ ಹೇಳಿಕೊಂಡಿದ್ದಾರೆ. ಇದು ಗೊತ್ತಾದ ಮೇಲೆ ನಮ್ಮವನು ಕ್ಲಾಸಿನಲ್ಲಿ ಎಷ್ಟು ಜಂಬ ಕೊಚ್ಚಿದನೋ, ನೆಂಟಸ್ತಿಕೆ ಕೂಡಿಬಂತು ಅನ್ನುವ ಹಾಗೆ. ನಾನು ಆಪರೇಷನ್ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲ.

ಮನೆಗೆ ಬಂದು ಒಂದು ಒಪ್ಪಂದ ಮಾಡಿಕೊಂಡೆವು. ಬಾಯಿ ಬಿಡಲು ಆಗದಾಗ ನಾನು ಕತ್ತರಿಯಿಂದ ಮೇಜು ತಟ್ಟುತ್ತೇನೆ. ಒಂದು ಸಲ ತಟ್ಟಿದರೆ ಇಲ್ಲಿ ಬಾ. ಎರಡು ಸಲವಾದರೆ ಗಲಾಟೆ ಕಮ್ಮಿ ಮಾಡಿ. ಮೂರು ಸಲವಾದರೆ ನನ್ನ ಪಾಡಿಗೆ ನನ್ನನ್ನು ಬಿಡಿ. ಒಂದು ಸಲ ತಟ್ಟಿದ್ದು ಚಿಕ್ಕವನಿಗೆ ಯಾವತ್ತೂ ಕೇಳಿಸಿಲ್ಲ, ಅದರಲ್ಲೂ ಕ್ರಿಕೆಟ್ ಇರುವಾಗ. ಮಗಳದೂ ಒಂದು ಷರತ್ತಿತ್ತು. ‘ನೋವಿದ್ದಾಗ ನೋವಿದೆ ಅಂತ ಹೇಳು, ಸಿಟ್ಟು ಬಂದಾಗ ಸಿಟ್ಟು ಅಂತ ಹೇಳು. ಎರಡಕ್ಕೂ ಮುಖ ಒಂದೇ ಥರ ಇಟ್ಕೊಂಡ್ರೆ ನಮಗೆ ಹೇಗೆ ಗೊತ್ತಾಗ್ಬೇಕು?’ ಒಪ್ಪಿದೆ. ಮಾತ್ರೆ ಎಣಿಸುವುದನ್ನು ನಾನೇ ಅವಳಿಗೆ ವಹಿಸಿದೆ. ಖಾಲಿಯಾಗುವ ಮೊದಲೇ ತರಬೇಕಲ್ಲ, ಅದು ಅವಳ ಕೆಲಸ.

ಜಗಳ ಒಮ್ಮೆಗೇ ವಾಪಸು ಬರಲಿಲ್ಲ. ಮೊದಲು ಬಂದದ್ದು ಒದ್ದೆ ಟವೆಲು. ಆಮೇಲೆ ಚಾರ್ಜರು. ದೀಪಾವಳಿ ಹೊತ್ತಿಗೆ ಬಾಗಿಲು ದಡಾರ್ ಅಂತ ಹಾಕಿಕೊಳ್ಳುವುದೂ ಶುರುವಾಯಿತು. ಆ ಸದ್ದು ಕೇಳಿ ಖುಷಿಪಟ್ಟ ತಾಯಿ ಜಿಲ್ಲೆಗೆಲ್ಲ ನಾನೊಬ್ಬಳೇ ಇರಬೇಕು.

ಈಗ ಮಗಳು ಸೆಕೆಂಡ್ ಪಿಯುಸಿ. ಮುಂದಿನ ವರ್ಷ ಮೈಸೂರಿಗೆ ಹೋಗಿ ಹಾಸ್ಟೆಲ್ಲಿನಲ್ಲಿದ್ದು ಬಿಎಸ್ಸಿ ಓದಬೇಕು ಅನ್ನುತ್ತಾಳೆ. ಇಲ್ಲಿ ಕಾಲೇಜಿಲ್ವಾ ಅನ್ನುವುದು ನನ್ನ ಮಾತು. ಹೋದ ಭಾನುವಾರ ಇದೇ ವಿಷಯಕ್ಕೆ ಜೋರು ಜಗಳ ಆಯಿತು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾದಾಗ ನಾನೊಂದು ಕೆಲಸ ಮಾಡುತ್ತೇನೆ, ಇವತ್ತು ಒಪ್ಪಿಕೊಂಡುಬಿಡುತ್ತೇನೆ. ಕಣ್ಣು ಮುಚ್ಚಿ, ಕೆನ್ನೆ ಮೇಲೆ ಕೈ ಇಟ್ಟುಕೊಂಡೆ. ನೋವೇನೂ ಇರಲಿಲ್ಲ. ಮಗಳು ತಟಕ್ಕನೆ ಸುಮ್ಮನಾದಳು. ಗೆದ್ದೆ ಅಂದುಕೊಂಡೆ.

ಚಿಕ್ಕವನು ಫೋನಿನಿಂದ ತಲೆ ಎತ್ತಿದ. ‘ಅಮ್ಮಾ, ಸರ್ಕಸ್ ಟೆಂಟು ಯಾವಾಗ ಆ ಕಡೆ ಶಿಫ್ಟ್ ಆಯ್ತು?’

ನಾನು ಹಿಡಿದುಕೊಂಡಿದ್ದದ್ದು ಎಡಗೆನ್ನೆ.

ಮೂವರೂ ಒಂದು ಗಳಿಗೆ ಹಾಗೇ ಇದ್ದೆವು. ಮೊದಲು ನಕ್ಕವಳು ನಾನೇ. ಹಾಗೆ ಬಾಯಿ ಬಿಟ್ಟು ನಕ್ಕದ್ದಕ್ಕೆ ನಿಜವಾಗಲೂ ಹೊಡೆಯಿತು, ಈ ಸಲ ಬಲಗಡೆಗೇ. ಕತ್ತರಿಗೆ ಕೈ ಹಾಕುವಷ್ಟೂ ಪುರುಸೊತ್ತಿರಲಿಲ್ಲ. ಮಗಳು ಎದ್ದು ಫ್ಯಾನ್ ಆರಿಸಿದಳು. ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತು, ಮುಟ್ಟದೆ, ಮಾತಾಡದೆ ಕಾದಳು. ನನ್ನ ಕೈ ಕೆಳಗಿಳಿದ ಮೇಲೆ ಮುಖ ನೋಡಿದಳು.

‘ಹೋಯ್ತಾ?’

ತಲೆ ಆಡಿಸಿದೆ.

‘ಸರಿ, ಈಗ ಹೇಳು. ಮೈಸೂರು ಯಾಕೆ ಬೇಡ?’

ಆ ಮಾತು ಇನ್ನೂ ಮುಗಿದಿಲ್ಲ. ಸಂಜೆ ಬಸ್ಸಿಳಿದು ಮನೆ ಸೇರಿದ ಮೇಲೆ ಮುಂದುವರಿಯುತ್ತದೆ. ಬರ್ತೀನಿ, ನಮಸ್ಕಾರ.